ನಳಾ ಬಂತು

ಎಲ್ಲಾ ಕಾಗದಕ್ಕೂ ಸಹಿ ಮಾಡಿದ ಮ್ಯಾಲೆ
ಕೇಳೂದು ಒಂದ ಉಳಿದಿತ್ತು.
ಹೊಟ್ಟಿ ಎಷ್ಟು ಕೊಯ್ತೀರಿ ಅಂತಲ್ಲ,
ಎಷ್ಟು ಕಿಲೋ ಇಳೀತೀನಿ ಅಂತನೂ ಅಲ್ಲ.
ಚಾ ಕುಡದು ಬರ್ರಿ ಅಂತ ಗಂಡನ್ನ ಹೊರಗ ಕಳಿಸಿ
ದನಿ ಇಳಿಸಿ ಕೇಳಿದೆ:
ಡಾಕ್ಟರ್, ಒಂದಕ್ಕ ನಳಿಗಿ ಹಾಕ್ತೀರೇನ್ರಿ?

ಹತ್ತೊಂಬತ್ತು ವರ್ಷ ಹುಬ್ಬಳ್ಳಿ–ಗದಗ ಗಾಡಿ ನಂದು.
ಶಿರಗುಪ್ಪಿ, ನಲವಡಿ, ಭದ್ರಾಪುರ, ಅಣ್ಣಿಗೇರಿ.
ಡ್ರೈವರ್ ಬೇಕಾದಲ್ಲಿ ನಿಂದರಿಸಿ
ಬೇವಿನ ಗಿಡದ ಹಿಂದ ಹೋಗಿ ಬರ್ತಾನ.
ನಾನು ಸೀಟಿ ಕಚ್ಚಿಕೊಂಡು ತಡಕೋತೀನಿ.
ಮುಂಜಾನೆ ಅರ್ಧ ಕಪ್ಪು ಚಾ, ಮಧ್ಯಾಹ್ನ ಎರಡ ಗುಟುಕು ನೀರು.
ರೊಕ್ಕದ ಲೆಕ್ಕ ತಪ್ಪಿದ್ರ ಡಿಪೋದಾಗ ತುಂಬಿ ಕೊಡಬಹುದು,
ನೀರಿನ ಲೆಕ್ಕ ತಪ್ಪಿದ್ರ?

ಮೈ ಮಾತ್ರ ಯಾವ ಲೆಕ್ಕಕ್ಕೂ ಸಿಗಲಿಲ್ಲ.
ನೂರಾ ಹದಿನಾರು ಕಿಲೋ.
ಸೀಟಿನ ನಡುವ ಏಡಿಯಂಗ ಅಡ್ಡ ನಡೀತೀನಿ.
ಹಿಂದಿನಿಂದ ಕಾಲೇಜ್ ಹುಡುಗ್ರು:
‘ಅಕ್ಕಾರ, ನಿಮಗ ಫುಲ್ಲೋ, ಒಂದೂವರಿಯೋ?’
ನಾನೂ ನಗತೀನಿ. ಅವರಿಂದನ ಚಿಲ್ರ ಇಸಗೋಬೇಕಲ್ಲ.

ಆದ್ರ ನಳಿಗಿ ಬ್ಯಾರೆ.
ನಮ್ಮವ್ವಗ ಲಕ್ವ ಹೊಡದಾಗ ಹಾಕಿದ್ರು.
ಮಂಚದ ಬಗಲಾಗ ತೂಗತಿತ್ತು ಚೀಲ.
ನೋಡಾಕ ಬಂದವ್ರು ಮೊದಲ ಚೀಲ ನೋಡತಿದ್ರು,
ಆಮ್ಯಾಲೆ ಮಾರಿ.
ಅವ್ವ ಸೆರಗು ಕೆಳಗ ಬಿಟ್ಟು ಅದನ್ನ ಮುಚ್ಚಾಕ ನೋಡತಿದ್ಲು.
ಆಡೂದು ಒಂದ ಕೈ, ಅದೂ ಎಡಗೈ.

ಡಾಕ್ಟರ್ ನಗಲಿಲ್ಲ.
‘ಎಲ್ಲಾರಿಗೂ ಬೇಕಂತ ಇಲ್ರೀ ಮಹಾನಂದಾ ಅವ್ರ.
ಒಂದೂವರಿ ತಾಸಿನ ಕೆಲಸ.
ಟೇಬಲ್ ಹತ್ತೂ ಮುಂದ ಒಮ್ಮೆ ಹೋಗಿ ಬರ್ರಿ, ಸಾಕು.
ಒಳಗ ಏನರ ಅಂಟಿಕೊಂಡು ಹೊತ್ತಾತಂದ್ರ ಹಾಕ್ತೀವಿ,
ನೀವು ಕಣ್ಣ ತೆರಿಯೂದ್ರಾಗ ತೆಗೀತೀವಿ.
ಸುಮ್ಮಸುಮ್ಮನ ಹಾಕಿದ್ರ ಉರಿ, ಜ್ವರ. ಯಾಕ ಬೇಕು?’
ಪೆನ್ನಿಗೆ ಟೊಪ್ಪಿಗಿ ಹಾಕಿ, ಮತ್ತ ತೆಗದು:
‘ಒಂದ ಮಾತು. ಎಚ್ಚರಾದ ಮ್ಯಾಲೆ ಆರ ತಾಸಿನ್ಯಾಗ
ನೀವಾಗಿ ಹೋಗಬೇಕು. ಇಲ್ಲಂದ್ರ ಹಾಕಬೇಕಾಗ್ತದ.’

ಆರ ತಾಸು!
ತಡಕೊಳ್ಳೂದಕ್ಕ ಬಹುಮಾನ ಇದ್ದಿದ್ರ
ಡಿಪೋ ಗ್ವಾಡಿಗೆ ನನ್ನ ಫೋಟೋ ತೂಗತಿತ್ತು.
ಬಿಡೂದು ಯಾರೂ ಕಲಿಸಿದ್ದಿಲ್ಲ.

ಬಾಜೂ ಮಂಚದಾಗ ಸವಣೂರಿನ ಖುತೇಜಾ.
ಆಕಿದು ಮೂರ ತಾಸು ಹಿಡೀತಂತ. ನಳಿಗಿ ಐತಿ, ಚೀಲ ಐತಿ.
‘ಛಲೋನ ಆತು ಬಿಡವಾ, ಏಳೂದು ತಪ್ಪಿತು’
ಅಂತ ಅತ್ತಾಗ ಹೊರಳಿ ಗೊರಕಿ ಹೊಡದ್ಲು.
ಆಕಿ ನಿದ್ದಿ ನೋಡಿ ನಂಗ ಹೊಟ್ಟಿಕಿಚ್ಚಾತು,
ಉಳಿದಷ್ಟು ಹೊಟ್ಟಿಯೊಳಗ.

ಸಲೈನ್ ಕಂಬ ಹಿಡಕೊಂಡು ಎರಡ ಸಲ ಹೋದೆ.
ಕುಂತೆ. ಎದ್ದೆ.
ತುಂಬಿದ ಗಾಡಿ, ಬಾಗಿಲ ತಗೀವಲ್ದು.
ಐದೂಕಾಲು ತಾಸು.
ಸಿಸ್ಟರ್ ದೀನಮ್ಮ ಕೆಳಹೊಟ್ಟಿ ಮುಟ್ಟಿ, ಗಡಿಯಾರ ನೋಡಿ,
ಮೂರನೇ ಸಲ ತಾನೂ ಒಳಗ ಬಂದ್ಲು.
ಏನೂ ಅನ್ನಲಿಲ್ಲ. ಗೋಡಿ ಕಡೆ ಮಾರಿ ಮಾಡಿ
ಬೇಸಿನ್ನಿನ ನಳಾ ತಿರುವಿದ್ಲು.

ಸರ್ರ್…

ಎಂಟ ದಿನಕ್ಕೊಮ್ಮೆ ನೀರು ಬರೂ ಓಣಿಯ ಹೆಂಗಸು ನಾನು.
ಅರೆಮಬ್ಬಿನ್ಯಾಗ, ಹೊಲಿಗಿ ಮರತು,
ನಳಾ ಬಂತು! ಅಂತ ಒದರಿದೆ,
ಬ್ಯಾರಲ್ ಮುಚ್ಚಳ ತಗೀರಿ, ಹಂಡೆ ತೊಳೀರಿ,
ಆ ತಾಮ್ರದ ಕೊಡ ಎಲ್ಲೈತಿ,
ಎಲ್ಲೈತಿ ಅನ್ನೂದ್ರಾಗ

ಆಗೇ ಹೋತು.

ದೀನಮ್ಮ ಅಳದು ಬರಕೊಂಡ್ಲು:
ಹೊತ್ತು, ಅಂಕಿ, ಸಹಿ.
ನಾನು ಟಿಕೆಟ್ ಹರದು ಕೊಡೂವಂಗ, ಮಾರಿ ನೋಡದ.
ನಂಗ ಕಣ್ಣಾಗ ನೀರು, ಅದನ್ಯಾರೂ ಅಳೀಲಿಲ್ಲ.

ಸಿಸ್ಟರ್, ಅಂದೆ,
ಮೊದಲ ಆ ನಳಾ ಬಂದ್ ಮಾಡ್ರಿ.
ಸುಮ್ನ ಹರದು ಹೊಂಟೈತಿ.